ಸೆಡಾನ್ ತಗೊಳೋವಾಗ ಮೈಲೇಜ್ ನೋಡೋದಾ, ಕೂರೋ ಸುಖ ನೋಡೋದಾ? ಮೆಕ್ಯಾನಿಕ್ ಅಣ್ಣಂಗೆ ಕೇಳಿ

ಮೆಕ್ಯಾನಿಕ್: ಎಲ್ರಿಗೂ ನಮಸ್ಕಾರ. ಟೈರು, ಸಸ್ಪೆನ್ಷನ್, ಅಲೈನ್‌ಮೆಂಟ್ ಕೆಲ್ಸ ಇಪ್ಪತ್ತು ವರ್ಷದಿಂದ ಮಾಡ್ತಿದೀನಿ. ಅಡ್ಮಿನ್ ಕರೆದ್ರು, ಬಂದೆ. ಕೇಳೋರು ಎರಡು ವಿಷ್ಯ ತಪ್ಪದೆ ಬರೀರಿ: ತಿಂಗ್ಳಿಗೆ ಎಷ್ಟು ಕಿ.ಮೀ. ಓಡುತ್ತೆ, ಕಾರಲ್ಲಿ ಕೂರೋರು ಯಾರು. ಇದಿಲ್ದೆ ಉತ್ತರ ಹೇಳಕ್ಕಾಗಲ್ಲ.

ಮೊದಲ ಕಾರು: ಸರ್, ತಿಂಗ್ಳಿಗೆ 400 ಕಿ.ಮೀ. ಅಷ್ಟೆ, ಮನೇಲಿ ಇಬ್ರೇ. ಒಂದು ಸೆಡಾನ್ ಲೀಟರಿಗೆ 15 ಕೊಡುತ್ತೆ ಅಂತಾರೆ, ಸೀಟು ಸಕ್ಕತ್ತಾಗಿದೆ. ಇನ್ನೊಂದು 20 ಕೊಡುತ್ತಂತೆ, ಆದ್ರೆ ಸಣ್ಣ ಗುಂಡಿ ಬಿದ್ರೂ ಬೆನ್ನಿಗೆ ಗೊತ್ತಾಗುತ್ತೆ. ಮನೇಲಿ ಎಲ್ರೂ 20ರದ್ದೇ ತಗೋ ಅಂತಿದಾರೆ.

ಮೆಕ್ಯಾನಿಕ್: 400 ಕಿ.ಮೀ.ಗೆ 15ರ ಕಾರು ಸುಮಾರು 27 ಲೀಟರ್ ಕುಡಿಯುತ್ತೆ, 20ರದ್ದು 20 ಲೀಟರ್. ತಿಂಗ್ಳಿಗೆ 7 ಲೀಟರ್ ವ್ಯತ್ಯಾಸ. ನಾನಾಗಿದ್ರೆ ಸೀಟು ಚೆನ್ನಾಗಿರೋದೇ ತಗೊಳ್ತಿದ್ದೆ.

ಲೆಕ್ಕದ ಮೇಷ್ಟ್ರು: ಇದಕ್ಕೊಂದು ಸೇರಿಸ್ತೀನಿ. ತಿಂಗ್ಳಿಗೆ 2000 ಕಿ.ಮೀ. ಓಡಿಸೋರು ನೋಡಿ, 10 ಕೊಡೋ ಕಾರಿಂದ 15ಕ್ಕೆ ಹೋದ್ರೆ 67 ಲೀಟರ್ ಉಳಿಯುತ್ತೆ, ಅದೇ 20ರಿಂದ 25ಕ್ಕೆ ಹೋದ್ರೆ ಬರೀ 20 ಲೀಟರ್. ಎರಡು ಕಡೆನೂ 5 ಜಾಸ್ತಿನೇ. ಹಾಗಾಗಿ ಕಿ.ಮೀ. ಅಂಕಿ ನೋಡಿ ಖುಷಿ ಪಡೋ ಬದ್ಲು ತಿಂಗ್ಳಿಗೆ ಎಷ್ಟು ಲೀಟರ್ ಅಂತ ತಿರುಗಿಸಿ ನೋಡಿ.

ಮೆಕ್ಯಾನಿಕ್: ಮೇಷ್ಟ್ರು ಸರಿಯಾಗಿ ಹೇಳಿದಾರೆ.

ಹಿಂದಿನ ಸೀಟು: ಅಣ್ಣ, ನಮ್ಮಮ್ಮಂಗೆ ಸೊಂಟದ ಡಿಸ್ಕ್ ಆಪರೇಷನ್ ಆಗಿ ಎಂಟು ತಿಂಗ್ಳಾಯ್ತು. ತಿಂಗ್ಳಿಗೆ 1200 ಕಿ.ಮೀ. ಓಡ್ತೀವಿ, ಅದ್ರಲ್ಲಿ ಮುಕ್ಕಾಲು ಪಾಲು ಟ್ರಾಫಿಕ್‌ನಲ್ಲೇ. ಒಂದೇ ಕಾರಲ್ಲಿ ಎರಡು ವೇರಿಯಂಟ್ ನೋಡಿದೀವಿ, ಕಡಿಮೆದ್ರಲ್ಲಿ 205/60 ಆರ್16 ಟೈರು, ಮೇಲಿಂದ್ರಲ್ಲಿ 225/45 ಆರ್18, ನೋಡಕ್ಕೆ ಅದೇ ಚಂದ. ಇನ್ನೊಂದು ಹೈಬ್ರಿಡ್ ಸೆಡಾನ್ ಇದೆ, ಮೈಲೇಜ್ ತುಂಬಾ ಜಾಸ್ತಿ ಬರೆದಿದಾರೆ. ಅಮ್ಮನ್ನ ಹಿಂದೆ ಮಲಗಿಸ್ಕೊಂಡ್ ಹಾಗೆ ಕೂರಿಸ್ಕೊಂಡು ಹೋಗೋಣ ಅಂತಿದೀವಿ. ಯಾವ್ದು ಸರಿ?

ಮೆಕ್ಯಾನಿಕ್: ಇದನ್ನ ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಮ್ಮ. ಮೈಲೇಜೂ ಸುಖಾನೂ ಒಂದಕ್ಕೊಂದು ವಿರುದ್ಧ, ಒಂದು ಬೇಕಂದ್ರೆ ಇನ್ನೊಂದು ಬಿಡ್ಬೇಕು ಅಂತ ಎಲ್ರೂ ಅಂದ್ಕೊಂಡಿದಾರೆ, ಆದ್ರೆ ಚಕ್ರದ ವಿಷ್ಯದಲ್ಲಿ ಹಂಗಿಲ್ಲ, ಸಾಮಾನ್ಯವಾಗಿ ಚಿಕ್ಕ ಚಕ್ರದಲ್ಲಿ ಎರಡೂ ಸಿಗುತ್ತೆ. ಆರ್16 ಅಂದ್ರೆ ಟೈರಿನ ಒಳಗಿನ ಲೋಹದ ಚಕ್ರ 16 ಇಂಚು. 205/60 ಅಂದ್ರೆ ಟೈರಿನ ಪಕ್ಕದ ಗೋಡೆ 205 ಮಿ.ಮೀ. ಅಗಲದ ಶೇ. 60, ಅಂದ್ರೆ 123 ಮಿ.ಮೀ. ಎತ್ತರ. 225/45ರಲ್ಲಿ 101 ಮಿ.ಮೀ. ಹೊರಗಿಂದ ಎರಡು ಚಕ್ರನೂ ಹೆಚ್ಚು ಕಮ್ಮಿ ಒಂದೇ ಎತ್ತರ, ಆದ್ರೆ 18 ಇಂಚಿಂದ್ರಲ್ಲಿ ರಬ್ಬರು ಕಡಿಮೆ ಆಗಿ ಲೋಹ ಜಾಸ್ತಿ ಆಗಿದೆ. ಗುಂಡಿಗೆ ಬಿದ್ದಾಗ ಮೊದ್ಲು ಬಾಗೋದು ಆ ರಬ್ಬರು. 22 ಮಿ.ಮೀ. ಹೋಯ್ತು ಅಂದ್ರೆ ಅಷ್ಟು ಹೊಡೆತ ಸೀದಾ ಶಾಕ್ ಅಬ್ಸಾರ್ಬರಿಗೆ, ಅಲ್ಲಿಂದ ಸೀಟಿಗೆ, ಅಲ್ಲಿಂದ ಅಮ್ಮನ ಸೊಂಟಕ್ಕೆ. ಮೇಲಾಗಿ 18 ಇಂಚಿನ ಚಕ್ರ ಸಾಮಾನ್ಯವಾಗಿ ಭಾರ, ಟೈರು ಅಗಲ, ಅಗಲ ಜಾಸ್ತಿ ಆದ್ರೆ ಗಾಳಿ ಎದುರಿಸೋದೂ ಜಾಸ್ತಿ, ಮೈಲೇಜೂ ಇಳಿಯುತ್ತೆ. ಚಂದಕ್ಕೋಸ್ಕರ ಎರಡೂ ಕಳ್ಕೊಳ್ಬೇಡಿ, 16ರದ್ದೇ ತಗೊಳ್ಳಿ.

ಎರಡನೇದು, ಅಮ್ಮನ್ನ ಹಿಂದೆ ಕೂರಿಸೋ ಯೋಚ್ನೆ ಬಿಡಿ. ಹಿಂದಿನ ಸೀಟು ಹೆಚ್ಚು ಕಮ್ಮಿ ಹಿಂದಿನ ಆಕ್ಸಲ್, ಅಂದ್ರೆ ಹಿಂದಿನ ಎರಡು ಚಕ್ರದ ಸಾಲಿನ ಮೇಲೇ ಇರುತ್ತೆ, ಹಂಪ್ ಹತ್ತಿ ಇಳಿದ್ರೆ ಅಲ್ಲೇ ಜಾಸ್ತಿ ಎತ್ತಿ ಹಾಕೋದು. ಮುಂದೆ ಡ್ರೈವರ್ ಪಕ್ಕದ ಸೀಟು ಎರಡು ಆಕ್ಸಲ್ ಮಧ್ಯೆ ಬರುತ್ತೆ, ಎತ್ತಿ ಹಾಕೋದು ಕಮ್ಮಿ, ಬೆನ್ನನ್ನ ಹಿಂದಕ್ಕೂ ಬಾಗಿಸ್ಬಹುದು. ಮಲಗಿದ ಹಾಗೆ ಪೂರ್ತಿ ಬಾಗಿಸ್ಬೇಡಿ ಮಾತ್ರ, ಬ್ರೇಕ್ ಹಾಕಿದ್ರೆ ದೇಹ ಬೆಲ್ಟ್ ಕೆಳಗಿಂದ ಜಾರುತ್ತೆ. ಕೂತಿರೋ ಮನುಷ್ಯಂಗೆ ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಅದುರೋ ಅದುರಾಟ ಬೆನ್ನಿಗೆ ಅತಿ ಹೆಚ್ಚು ತಟ್ಟುತ್ತೆ. ಒಳ್ಳೆ ಸಸ್ಪೆನ್ಷನ್ ಸೆಕೆಂಡಿಗೆ ಒಂದು ಒಂದೂವರೆ ಸಲ ನಿಧಾನಕ್ಕೆ ತೂಗುತ್ತೆ, ನಾವು ನಿಧಾನಕ್ಕೆ ನಡೆಯೋ ಹೆಜ್ಜೆ ಹಂಗೆ. ಟೈರು ಗಟ್ಟಿ, ಸಸ್ಪೆನ್ಷನ್ ಕೀಲಲ್ಲಿರೋ ರಬ್ಬರ್ ಬುಷ್ ಗಟ್ಟಿ ಆದಷ್ಟೂ ಆ ಸಣ್ಣ ಅದುರಾಟ ಒಳಗೆ ಬರುತ್ತೆ. ಎಷ್ಟು ಹೊತ್ತು ಕೂರ್ಬಹುದು ಅನ್ನೋದು ಡಾಕ್ಟರ್ ಹೇಳ್ಬೇಕು, ನಾನಲ್ಲ.

ಹೈಬ್ರಿಡ್ ವಿಷ್ಯ. ನಿಮ್ದು ಟ್ರಾಫಿಕ್ ಓಡಾಟ ಅಂದ್ರೆ ಅದಕ್ಕೆ ನಿಜವಾಗ್ಲೂ ಲಾಭ ಇದೆ, ನಿಂತಾಗ ಇಂಜಿನ್ ಆಫ್, ಬ್ರೇಕ್ ಹಾಕಿದಾಗ ಬ್ಯಾಟರಿಗೆ ಚಾರ್ಜ್. ಒಂದೇ ಸ್ಪೀಡಲ್ಲಿ ಹೈವೇ ಹೋಗೋರಿಗೆ ಈ ಲಾಭ ಕರಗಿ ಹೋಗುತ್ತೆ. ಆದ್ರೆ ಅದ್ರಲ್ಲೂ ಚಕ್ರ ಎಷ್ಟು ಇಂಚು ಅಂತ ಮೊದ್ಲು ನೋಡಿ. ಬರೆದಿರೋ ಮೈಲೇಜ್ ಲ್ಯಾಬಲ್ಲಿ ರೋಲರ್ ಮೇಲೆ ಓಡಿಸಿ ತೆಗೆದಿರೋದು. ಯುರೋಪಲ್ಲಿ ಬಳಸೋ ಡಬ್ಲ್ಯುಎಲ್‌ಟಿಪಿ ಅನ್ನೋ ಮೈಲೇಜ್ ಟೆಸ್ಟು 30 ನಿಮಿಷ, 23 ಕಿ.ಮೀ. ಚಿಲ್ರೆ, ಸರಾಸರಿ ಸ್ಪೀಡು 46.5. ರೋಲರ್ ಮೇಲೆ ಗುಂಡಿನೂ ಇರಲ್ಲ, ಅಮ್ಮನೂ ಇರಲ್ಲ.

ಟೆಸ್ಟ್ ಡ್ರೈವಿಗೆ ಅಮ್ಮನ್ನೇ ಕರ್ಕೊಂಡು ಹೋಗಿ. ಓಡಿಸೋಕ್ಕಿಂತ ಮುಂಚೆ ನಿಂತಿರೋ ಕಾರಲ್ಲೇ ಐದು ಸಲ ಹತ್ತಿ ಇಳೀಲಿ. ಸೆಡಾನ್ ಸೀಟು ತಗ್ಗು, ಇಳಿಯೋವಾಗ ಸೊಂಟ ತಿರುಗಿಸಿ ಏಳ್ಬೇಕು, ಕೆಲವರಿಗೆ ಗುಂಡಿಗಿಂತ ಅದೇ ಜಾಸ್ತಿ ನೋವು ಕೊಡುತ್ತೆ. ಸೀಟಿಗೆ ಎತ್ತರ ಮಾಡೋ ಲಿವರ್ ಆ ಪಕ್ಕದ ಸೀಟಿಗೂ ಇದ್ಯಾ ನೋಡಿ, ಎಷ್ಟೋ ಕಾರಲ್ಲಿ ಡ್ರೈವರಿಗೆ ಮಾತ್ರ ಕೊಟ್ಟಿರ್ತಾರೆ.

ಹಿಂದಿನ ಸೀಟು: ಅಣ್ಣ ತುಂಬಾ ಥ್ಯಾಂಕ್ಸ್, ಹತ್ತಿ ಇಳಿಯೋದು ನಮ್ಮ ತಲೆಗೇ ಬಂದಿರ್ಲಿಲ್ಲ. ಶನಿವಾರ ಕರ್ಕೊಂಡು ಹೋಗ್ತೀವಿ.

ದಿನಾ ಹೈವೇ: ಸರ್ ಡೀಸೆಲ್ ತಗೊಳೋದಾ ಪೆಟ್ರೋಲಾ?

ಮೆಕ್ಯಾನಿಕ್: ಎಷ್ಟು ಕಿ.ಮೀ.?

ದಿನಾ ಹೈವೇ: ದಿನಾ 120, ಪೂರ್ತಿ ಹೈವೇ.

ಮೆಕ್ಯಾನಿಕ್: ನಿಮಗೆ ಡೀಸೆಲ್ ಸರಿ ಹೋಗುತ್ತೆ. ಸ್ಪೀಡ್ ಮೇಲೆ ಕಣ್ಣಿರ್ಲಿ, 80ರಿಂದ 100ಕ್ಕೆ ಏರಿದ್ರೆ ಗಾಳಿ ತಡೆಯೋ ಬಲ ಒಂದೂವರೆ ಪಟ್ಟಿಗೂ ಜಾಸ್ತಿ ಆಗುತ್ತೆ. ಕಾರು ಯಾವ್ದಾದ್ರೂ ಇದು ತಪ್ಪಲ್ಲ.

ಪಕ್ಕದ್ಮನೆ: ಅಣ್ಣ ಡೀಸೆಲ್ಲಾ ಪೆಟ್ರೋಲಾ? ನಂದು ದಿನಾ 6 ಕಿ.ಮೀ.

ಮೆಕ್ಯಾನಿಕ್: ಪೆಟ್ರೋಲ್. ಅಷ್ಟು ಚಿಕ್ಕ ಓಡಾಟಕ್ಕೆ ಡೀಸೆಲ್ ಕಾರಿನ ಹೊಗೆ ಸೋಸೋ ಫಿಲ್ಟರ್ ಬಿಸಿನೇ ಆಗಲ್ಲ, ಮಸಿ ಕಟ್ಕೊಳುತ್ತೆ.

ಕೆಂಪು ಬಣ್ಣ: ಸನ್‌ರೂಫ್ ಇದ್ರೆ ಮೈಲೇಜ್ ಕಮ್ಮಿ ಆಗುತ್ತಾ ಸರ್?

ಮೈಲೇಜ್ ಪ್ರೇಮಿ: ಗೆಳೆಯರೇ, ಹೊಸ ಕಾರು ಯಾಕೆ, ಇರೋ ಕಾರಲ್ಲೇ ಮೈಲೇಜ್ ಡಬಲ್ ಮಾಡ್ಬಹುದು, ಇದು ಇನ್ನೊಂದು ಗ್ರೂಪಲ್ಲಿ ಬಂದಿದ್ದು, ಎಲ್ರಿಗೂ ಕಳ್ಸಿ. 1) ಫುಲ್ ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿ. 2) ಪೆಟ್ರೋಲ್ ಪೈಪಿಗೆ ಎರಡು ಮ್ಯಾಗ್ನೆಟ್ ಕಟ್ಟಿ. 3) ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ. 4) ಟೈರಿಗೆ 45 ಗಾಳಿ ಹೊಡ್ಸಿ.

ಮೆಕ್ಯಾನಿಕ್: ದಯವಿಟ್ಟು ಇದನ್ನ ಯಾರೂ ಮಾಡ್ಬೇಡಿ, ಮುಂದಕ್ಕೂ ಕಳಿಸ್ಬೇಡಿ. ನುಸಿಗುಳಿಗೆ ಬಟ್ಟೆ ಬೀರುಗೆ. ಪೆಟ್ರೋಲಲ್ಲಿ ಕರಗಿದ್ದು ಥಂಡಿಗೆ ಮತ್ತೆ ಹರಳು ಕಟ್ಟಿ ಫಿಲ್ಟರಲ್ಲಿ, ಇಂಜೆಕ್ಟರಲ್ಲಿ ಕೂತ್ಕೊಳ್ಬಹುದು. ಮ್ಯಾಗ್ನೆಟ್‌ಗೆ ಪೆಟ್ರೋಲ್ ಮೇಲೆ ಯಾವ ಕೆಲಸನೂ ಇಲ್ಲ. ಅಮೆರಿಕದ ಸರ್ಕಾರಿ ಪರಿಸರ ಸಂಸ್ಥೆ ಇಪಿಎ ಮೈಲೇಜ್ ಜಾಸ್ತಿ ಮಾಡ್ತೀವಿ ಅನ್ನೋ ಸಾಮಾನು ನೂರಕ್ಕಿಂತ ಹೆಚ್ಚು ಟೆಸ್ಟ್ ಮಾಡಿದೆ, ಬೆರಳೆಣಿಕೆಯಷ್ಟು ಬಿಟ್ರೆ ಯಾವುದ್ರಿಂದಾನೂ ಲಾಭ ಕಾಣ್ಲಿಲ್ಲ. ನ್ಯೂಟ್ರಲ್ಲು ಹಳೇ ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜಿನ್ ಗೇರಲ್ಲಿದ್ದು ಆಕ್ಸಿಲರೇಟರ್ ಬಿಟ್ರೆ ಇಂಧನ ಪೂರ್ತಿ ನಿಲ್ಸುತ್ತೆ, ನ್ಯೂಟ್ರಲ್ ಮಾಡಿದ್ರೆ ಐಡ್ಲಿಂಗಿಗೆ ಕುಡಿಯುತ್ತೆ. ಮೇಲಿಂದ ಇಂಜಿನ್ ಹಿಡಿತ ಹೋಗಿ ಬ್ರೇಕ್ ಒಂದೇ ಎಲ್ಲಾ ತಡೀಬೇಕು, ಉದ್ದ ಇಳಿಜಾರಲ್ಲಿ ಬ್ರೇಕ್ ಕಾದು ಹಿಡಿಯೋದೇ ನಿಲ್ಲುತ್ತೆ. ನಾಲ್ಕನೇದಕ್ಕೆ ಆಮೇಲೆ ಬರ್ತೀನಿ.

ಮೈಲೇಜ್ ಪ್ರೇಮಿ: ನನ್ನ ಫ್ರೆಂಡ್ ಗುಳಿಗೆ ಹಾಕಿ 3 ಕಿ.ಮೀ. ಜಾಸ್ತಿ ತೆಗ್ದಿದಾನೆ. ಮೆಕ್ಯಾನಿಕ್‌ಗಳಿಗೆ ಕಾರು ಕೆಟ್ರೇ ಲಾಭ ಅಲ್ವಾ.

ಮೆಕ್ಯಾನಿಕ್: ಗುಳಿಗೆ ಹಾಕ್ದೋರ ಇಂಜೆಕ್ಟರ್ ಕ್ಲೀನ್ ಮಾಡಿದ್ರೆ ನಂಗೆ ದುಡ್ಡು ಬರುತ್ತೆ. ಹಾಕ್ಬೇಡಿ ಅಂತ ಹೇಳಿದ್ರೆ ಬರಲ್ಲ. ಆದ್ರೂ ಹೇಳ್ತಿದೀನಿ. ಯೋಚ್ನೆ ಮಾಡಿ.

ಬೆಳ್ಳಿ ಸೆಡಾನ್: ಸರ್ ನಾನು ಆ ನಾಲ್ಕನೇದು ಮಾಡಿದೀನಿ. ಐದು ವರ್ಷದ ಸೆಕೆಂಡ್ ಹ್ಯಾಂಡ್ ಸೆಡಾನ್, ಮೈಲೇಜಿಗೆ ಅಂತ 45 ಗಾಳಿ ಹೊಡ್ಸಿದೆ. ಹಂಪಿಗೆ ಹೊಟ್ಟೆ ತಾಗ್ತಿತ್ತು ಅಂತ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕ್ಸಿದೆ. ಈಗ ಹಿಂದೆ ಕೂತೋರು ತುಂಬಾ ಎಗರುತ್ತೆ ಅಂತಾರೆ, ಟೈರಿಂದ ಗುಂಯ್ ಅಂತ ಸದ್ದು. ಹೋದ್ ವಾರ ಮಳೆಲಿ ಬ್ರೇಕ್ ಹಾಕಿದ್ರೆ ಹಿಂದೆ ಒಂದ್ ಪಕ್ಕಕ್ಕೆ ಜಾರ್ತು, ಏನೂ ಆಗ್ಲಿಲ್ಲ. ಇದನ್ನ ಮಾರಿ ಒಳ್ಳೆ ಸುಖದ ಕಾರು ತಗೊಳ್ಳೋಣ ಅಂತಿದೀನಿ, ಯಾವ್ದು ತಗೊಳ್ಳಿ?

ಮೆಕ್ಯಾನಿಕ್: ಹೊಸ ಕಾರಿನ ಮಾತು ಆಮೇಲೆ. ನೀವು ಆ ಕಾರನ್ನ ಇವತ್ತೇ ನೋಡ್ಬೇಕು. ಬೆಳಿಗ್ಗೆ ಓಡಿಸೋಕ್ಕಿಂತ ಮುಂಚೆ, ಟೈರು ತಣ್ಣಗಿರೋವಾಗ, ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕರ್ ಇರುತ್ತೆ, ಅದ್ರಲ್ಲಿ ಎಷ್ಟಿದ್ಯೋ ಅಷ್ಟಕ್ಕೆ ಗಾಳಿ ಇಳ್ಸಿ. ಟೈರಿನ ಗೋಡೆ ಮೇಲೆ ಬರೆದಿರೋದು ಆ ಟೈರು ತಡ್ಕೊಳೋ ಗರಿಷ್ಠ, ನಿಮ್ಮ ಕಾರಿಗೆ ಹಾಕ್ಬೇಕಾದ್ದಲ್ಲ. ಗಾಳಿ ಜಾಸ್ತಿ ಆದ್ರೆ ಟೈರಿನ ಮಧ್ಯ ಮಾತ್ರ ನೆಲ ಹಿಡಿಯುತ್ತೆ, ಮಳೆಲಿ ಜಾರೋದು ಅದಕ್ಕೇ. ಗಾಳಿ ಕಮ್ಮಿ ಇದ್ರೂ ತಪ್ಪೇ, ಒಂದು ಪಿಎಸ್ಐ (ಗಾಳಿ ಒತ್ತಡದ ಅಳತೆ, ನೀವು ಹೊಡ್ಸಿದ 45 ಅದೇ ಲೆಕ್ಕ) ಇಳಿದ್ರೆ ಮೈಲೇಜ್ ಸುಮಾರು ಶೇ. 0.2 ಹೋಗುತ್ತೆ. ಅಂದ್ರೆ ನೀವು 45 ಹೊಡ್ಸಿ ಉಳಿಸಿದ್ದು ತೀರಾ ಅಲ್ಪ, ಅದಕ್ಕೆ ಪಣಕ್ಕಿಟ್ಟಿದ್ದು ಬ್ರೇಕು.

ಇನ್ನೊಂದು ಮಾಡಿ. ಕಾರು ನಿಲ್ಸಿ, ಹಿಂದಿನ ಟೈರಿನ ಮೇಲೆ ಅಂಗೈ ಇಟ್ಟು ಟೈರು ಸುತ್ತೋ ದಿಕ್ಕಿಗೆ ಮೆಲ್ಲಗೆ ಸವರಿ. ಟೈರಿನ ಒಳಗಿನ ಸ್ಟೀಲ್ ತಂತಿ ಹೊರಗೆ ಕಿತ್ಕೊಂಡಿರ್ಬಹುದು, ಮೊದ್ಲು ಕಣ್ಣಲ್ಲಿ ನೋಡಿ ಆಮೇಲೆ ಕೈ ಇಡಿ. ನುಣ್ಣಗೆ ಹೋದ್ರೆ ಸರಿ. ಉಬ್ಬು ತಗ್ಗು, ಉಬ್ಬು ತಗ್ಗು ಅಂತ ಅಲೆ ಥರ ಕೈಗೆ ಸಿಕ್ರೆ ಶಾಕ್ ಅಬ್ಸಾರ್ಬರ್ ಹೋಗಿರೋ ಸಾಧ್ಯತೆ ಜಾಸ್ತಿ. ಟೈರು ನೆಲ ಬಿಟ್ಟು ಕುಣಿದು ಕುಣಿದು ಹಂಗೆ ಸವೀತಿದೆ, ಆ ಗುಂಯ್ ಸದ್ದೂ ಅದೇ ಇರ್ಬೇಕು. ಆಮೇಲೆ ಬಗ್ಗಿ ಶಾಕ್ ಅಬ್ಸಾರ್ಬರ್ ನೋಡಿ, ಆಯಿಲ್ ಇಳಿದು ಧೂಳು ಮೆತ್ಕೊಂಡಿದ್ರೆ ಬದಲಾಯಿಸ್ಲೇಬೇಕು, ಎರಡೂ ಕಡೆ ಒಟ್ಟಿಗೆ. ಬಫರ್ ಕಿತ್ತು ಬಿಸಾಕಿ. ಸ್ಪ್ರಿಂಗಿನ ಸುರುಳಿ ಆಡೋ ಜಾಗದಲ್ಲಿ ರಬ್ಬರ್ ತುರುಕಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ, ಆ ಶಾಕ್ ಅಬ್ಸಾರ್ಬರ್ ಅಷ್ಟು ಗಟ್ಟಿ ಸ್ಪ್ರಿಂಗಿಗೆ ಮಾಡಿದ್ದಲ್ಲ. ಹೊಟ್ಟೆ ತಾಗಿದ್ದು ಬಹುಶಃ ಹಳೇ ಸ್ಪ್ರಿಂಗ್ ಕುಗ್ಗಿರೋದ್ರಿಂದ. ಇಷ್ಟು ಸರಿ ಮಾಡ್ಸಿದ್ಮೇಲೆ ಓಡ್ಸಿ ನೋಡಿ, ಕಾರು ಮಾರೋ ಅಗತ್ಯ ಇದ್ಯಾ ಅಂತ ಆಗ ಮಾತಾಡೋಣ. ಅಲ್ಲಿವರ್ಗೂ ಮಳೆಲಿ ತೆಗೀಬೇಡಿ. ಏನಾಯ್ತು ಅಂತ ಇಲ್ಲೇ ಬರೀರಿ, ಮರೀಬೇಡಿ.

ಎತ್ತರದ ಕಾರು: ಈ ಸೆಡಾನ್ ತಲೆನೋವೇ ಬೇಡ, ಎಸ್‌ಯುವಿ ತಗೊಳ್ಳಿ, ಗುಂಡಿ ಗೊತ್ತೇ ಆಗಲ್ಲ.

ಲೆಕ್ಕದ ಮೇಷ್ಟ್ರು: ಎತ್ತರ ಇದ್ರೆ ಸುಖ ಅನ್ನೋದು ತಪ್ಪು ಕಲ್ಪನೆ. ಎತ್ತರದ ಕಾರು ತಿರುವಲ್ಲಿ ವಾಲ್ಬಾರ್ದು ಅಂತ ಸಸ್ಪೆನ್ಷನ್ ಗಟ್ಟಿ ಮಾಡಿರ್ತಾರೆ. ಮುಂಭಾಗ ದೊಡ್ಡದು, ಗಾಳಿ ಜಾಸ್ತಿ ತಡೆಯುತ್ತೆ, ಮೈಲೇಜೂ ಹೋಯ್ತು.

ಎತ್ತರದ ಕಾರು: ನೀವು ಓಡ್ಸಿದೀರಾ? ನಾನು ಹತ್ತು ವರ್ಷದಿಂದ ಓಡಿಸ್ತಿದೀನಿ. ಪುಸ್ತಕ ಓದಿ ಹೇಳ್ಬೇಡಿ.

ಲೆಕ್ಕದ ಮೇಷ್ಟ್ರು: ನೀವು ಓಡ್ಸಿದ ತಕ್ಷಣ ಗಾಳಿ ದಾರಿ ಬಿಡಲ್ಲ ಸ್ವಾಮಿ.

ಮೈಲೇಜ್ ಪ್ರೇಮಿ: ಇಬ್ರೂ ಬಿಡಿ, ಎಲೆಕ್ಟ್ರಿಕ್ ತಗೊಂಡ್ರೆ ಮೈಲೇಜ್ ಪ್ರಶ್ನೆನೇ ಇಲ್ಲ.

ಎತ್ತರದ ಕಾರು: ನುಸಿಗುಳಿಗೆ ಹಾಕೋರು ಮಾತಾಡ್ಬಾರ್ದು.

ಮೈಲೇಜ್ ಪ್ರೇಮಿ: ಮರ್ಯಾದೆ ಕೊಟ್ಟು ಮಾತಾಡು.

ಅಡ್ಮಿನ್: ಎಸ್‌ಯುವಿ ಜಗಳ ಇಲ್ಲಿಗೆ ಸಾಕು. ಕೇಳೋರು ಕಾಯ್ತಿದಾರೆ. ಇನ್ನೊಂದ್ ಸಲ ಏಕವಚನ ಬಂದ್ರೆ ತೆಗೀತೀನಿ.

ಹೊಸಬ: ಸರ್ ಡೀಸೆಲ್ ಒಳ್ಳೇದಾ ಪೆಟ್ರೋಲಾ?

ಮೆಕ್ಯಾನಿಕ್: ಮೇಲೆ ಓದಿ.

ಪಕ್ಕದ್ಮನೆ: ಹೈ ಆಕ್ಟೇನ್ ಪೆಟ್ರೋಲ್ ಹಾಕಿದ್ರೆ ಮೈಲೇಜ್ ಬರುತ್ತಾ?

ಮೆಕ್ಯಾನಿಕ್: ಕಾರಿನ ಪುಸ್ತಕದಲ್ಲಿ ಬೇಕು ಅಂತ ಬರೆದಿದ್ರೆ ಹಾಕಿ. ಇಲ್ಲಾಂದ್ರೆ ಬೇಡ.

ಹೊಸಬ: ಮೇಲೆ ಅಂದ್ರೆ ಎಲ್ಲಿ ಸರ್, ಒಂದ್ ಮಾತಲ್ಲಿ ಹೇಳ್ಬಾರ್ದಾ, ಅಷ್ಟು ಸೊಕ್ಕಾ?

ಮೆಕ್ಯಾನಿಕ್: ಕಿ.ಮೀ. ಬರೀರಿ ಅಂತ ಮೊದಲ ಸಾಲಲ್ಲೇ ಕೇಳಿದೀನಿ. ಬರೆದ್ರೆ ಹೇಳ್ತೀನಿ.

ಬೆಳ್ಳಿ ಸೆಡಾನ್: ಸರ್, ನೋಡ್ದೆ. ಕೈಗೆ ಅಲೆ ಥರನೇ ಸಿಕ್ತು, ನೀವ್ ಹೇಳ್ದಂಗೇ. ಎಡಗಡೆ ಹಿಂದಿನ ಶಾಕ್ ಅಬ್ಸಾರ್ಬರ್ ಪೂರ್ತಿ ಆಯಿಲ್. ಸ್ಟಿಕರಲ್ಲಿ 33 ಇದೆ, ಇಳಿಸ್ದೆ. ನಾಳೆ ಗ್ಯಾರೇಜಿಗೆ ಬಿಡ್ತೀನಿ. ಬಲಗಡೇದು ಒಣಗಿದೆ, ಒಂದೇ ಬದಲಾಯಿಸಿದ್ರೆ ಸಾಕು ಅಂತಿದಾರೆ.

ಮೆಕ್ಯಾನಿಕ್: ಸಾಲಲ್ಲ, ಎರಡೂ ಬದಲಾಯಿಸಿ. ಒಂದು ಕಡೆ ಹೊಸದು ಒಂದು ಕಡೆ ಹಳೇದು ಆದ್ರೆ ಬ್ರೇಕ್ ಹಾಕಿದಾಗ ಎರಡೂ ಚಕ್ರ ಒಂದೇ ಥರ ನೆಲ ಹಿಡಿಯಲ್ಲ, ನಿಮ್ಗೆ ಜಾರಿದ್ದಕ್ಕೆ ಗಾಳಿ ಜೊತೆ ಇದೂ ಕಾರಣ ಇರ್ಬಹುದು. ಆ ಸವೆದ ಟೈರುಗಳ್ನ ಮುಂದಕ್ಕೆ ಹಾಕಿ ಓಡಿಸ್ತೀನಿ ಅಂತಾರೆ, ಒಪ್ಬೇಡಿ. ಚಕ್ರ ನೇರ ಇದ್ಯಾ ಅಂತ ಅಳೆದಿರೋ ಅಲೈನ್‌ಮೆಂಟ್ ಶೀಟ್ ಕೇಳಿ ಈಸ್ಕೊಳ್ಳಿ.

ಹಿಂದಿನ ಸೀಟು: ಅಣ್ಣ, ಹೋಗಿ ಬಂದ್ವಿ. 18ರದ್ರಲ್ಲಿ ಹತ್ತು ನಿಮಿಷಕ್ಕೇ ಅಮ್ಮ ಬಾಗಿಲ ಹಿಡಿ ಗಟ್ಟಿಯಾಗಿ ಹಿಡ್ಕೊಂಡ್ರು. 16ರದ್ರಲ್ಲಿ ಮುಂದೆ ಕೂರಿಸಿದ್ವಿ, ಅದೇ ರಸ್ತೆ, ಅದೇ ಹಂಪು, ಮಾತಾಡ್ತಾ ಬಂದ್ರು. ಹೈಬ್ರಿಡ್‌ನಲ್ಲಿ 17 ಇಂಚು ಇತ್ತು, ಓಡೋವಾಗ ಪರ್ವಾಗಿಲ್ಲ ಅಂದ್ರು, ಆದ್ರೆ ಸೀಟು ತಗ್ಗು, ಮೂರನೇ ಸಲಕ್ಕೆ ಇಳಿಯಕ್ಕಾಗ್ಲಿಲ್ಲ, ಕೈ ಕೊಟ್ಟು ಎಬ್ಬಿಸ್ದೆ.

ಮೆಕ್ಯಾನಿಕ್: ಹಂಗಾದ್ರೆ 16ರದ್ದೇ ಬುಕ್ ಮಾಡಮ್ಮ. ಡೆಲಿವರಿ ದಿನ ಗಾಳಿ ಚೆಕ್ ಮಾಡಿಸ್ದೆ ತೆಗೀಬೇಡಿ, ಎಷ್ಟೋ ಸಲ ಸಾಗಾಟಕ್ಕೆ ಅಂತ ಜಾಸ್ತಿ ಹೊಡೆದಿದ್ದು ಹಂಗೇ ಇರುತ್ತೆ.