ಸಹಾಯ ಬೇಕು: ಟೈಪ್ 1 ಮಧುಮೇಹದ ಜೊತೆಗೆ ಫ್ಯಾಟಿ ಲಿವರ್

ನನ್ನ ತಂಗಿಗೆ ಬಾಲ್ಯದಿಂದಲೂ ಟೈಪ್ 1 ಮಧುಮೇಹ. ಮೈಕಟ್ಟು ತೆಳು, ಮದ್ಯ ಮುಟ್ಟಿದವಳಲ್ಲ. ಆದರೂ ರಕ್ತಪರೀಕ್ಷೆಯಲ್ಲಿ ಎಎಲ್‌ಟಿ (ಯಕೃತ್ತಿನ ಕಿಣ್ವ) ಏರಿದೆ, ಅಲ್ಟ್ರಾಸೌಂಡ್ ವರದಿಯಲ್ಲಿ ‘ಫ್ಯಾಟಿ ಲಿವರ್, ಗ್ರೇಡ್ 2’ ಎಂದಿದೆ. ಹೆಪಟೈಟಿಸ್ ಬಿ, ಸಿ ಎರಡೂ ಇಲ್ಲ.

ಒಬ್ಬ ವೈದ್ಯರು ತೂಕ ಇಳಿಸಿ ಎಂದರು. ಇಳಿಸಲು ಅವಳಲ್ಲಿ ಏನಿದೆ? ಊಟ ಕಡಿಮೆ ಮಾಡಿದ ರಾತ್ರಿ ಸಕ್ಕರೆ ಕುಸಿದು, ಮೈಯೆಲ್ಲ ಬೆವೆತು ನಡುಗುತ್ತಾ ಎದ್ದು ಕುಳಿತಳು. ಇನ್ನೊಬ್ಬರ ಪ್ರಕಾರ, ಸಕ್ಕರೆಯ ಏರಿಳಿತದಿಂದ ಯಕೃತ್ತಿನಲ್ಲಿ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ತುಂಬಿಕೊಂಡರೂ ಅಲ್ಟ್ರಾಸೌಂಡ್‌ನಲ್ಲಿ ಹೀಗೆಯೇ ಬೆಳ್ಳಗೆ ಕಾಣಬಹುದು. ಸಕ್ಕರೆ ಹತೋಟಿಗೆ ಬಂದರೆ ಅದು ಇಳಿಯುತ್ತದೆ. ಎರಡಕ್ಕೂ ದಾರಿ ಬೇರೆ ಬೇರೆ, ನಾವು ನಡುವೆ ಸಿಕ್ಕಿಕೊಂಡಿದ್ದೇವೆ.

ಟೈಪ್ 1 ಇರುವವರು, ಬಲ್ಲವರು ದಯವಿಟ್ಟು ತಿಳಿಸಿ: ಇದು ಕೊಬ್ಬೋ ಗ್ಲೈಕೋಜನ್ನೋ ಎಂದು ನಿಮಗೆ ಖಚಿತವಾದದ್ದು ಯಾವ ಪರೀಕ್ಷೆಯಿಂದ? ಎಂಆರ್‌ಐ ಸಾಕಾಯಿತೇ, ಬಯಾಪ್ಸಿಯೇ ಬೇಕಾಯಿತೇ?