ಕಾಮಿಕ್ಸ್ ಬರೆದ ಕೈಗೆ ಸಿನಿಮಾದಲ್ಲಿ ಏನು ಕೆಲಸ? (ಪ್ರಶ್ನೋತ್ತರ)

ಎಲ್ಲರಿಗೂ ನಮಸ್ಕಾರ. ಅಡ್ಮಿನ್ ಮೂರು ವಾರದಿಂದ ಬೆನ್ನು ಬಿದ್ದಿದ್ದರು. ಮಳೆ ಬಂದು ಇವತ್ತಿನ ಶೂಟಿಂಗ್ ನಿಂತಿದ್ದರಿಂದ ಕೈಗೆ ಸಿಕ್ಕಿದ್ದೇನೆ. ಮೊದಲು ಮಕ್ಕಳ ಪತ್ರಿಕೆಗಳಿಗೆ ಚಿತ್ರಕಥೆ ಬರೆಯುತ್ತಿದ್ದೆ, ಈಗ ಸಿನಿಮಾ ಮತ್ತು ಜಾಹೀರಾತಿಗೆ ಸ್ಟೋರಿಬೋರ್ಡ್ ಮಾಡುತ್ತೇನೆ. ಕನ್ನಡದಲ್ಲಿ ಕಾಮಿಕ್ಸಿಗೂ ಚಿತ್ರಕಥೆ, ಸ್ಕ್ರೀನ್‌ಪ್ಲೇಗೂ ಚಿತ್ರಕಥೆ. ಅದೇ ಧೈರ್ಯದ ಮೇಲೆ ಈಚೆಗೆ ಬಂದೆ ಅನ್ನಿ. ಕೇಳಿ.

ಪ್ರಶ್ನೆ (ದಾವಣಗೆರೆ, ಬಿವಿಎ ಕೊನೇ ವರ್ಷ): ಸರ್, ಬಾಲಮಂಗಳದ ಡಿಂಗನನ್ನ ನೋಡಿ ನೋಡಿ ಬರೆದು ಕಲಿತವನು ನಾನು. ಕಾಮಿಕ್ಸ್ ನಂಬಿದ್ರೆ ಹೊಟ್ಟೆ ತುಂಬಲ್ಲ ಅಂತಾರೆ. ಸಿನಿಮಾಕ್ಕೆ ಹೋದ ಕಾಮಿಕ್ಸ್ ಕಲಾವಿದರು ಅಲ್ಲಿ ನಿಜವಾಗ್ಲೂ ಏನ್ ಮಾಡ್ತಾರೆ?

ಉತ್ತರ: ಎರಡು ಥರದ ಕೆಲಸ. ಒಂದು, ಇನ್ನೂ ಇಲ್ಲದ ವಸ್ತುವನ್ನು ತೋರಿಸುವುದು: ಉಡುಪು, ವಾಹನ, ಊರು. ಇನ್ನೊಂದು, ಇನ್ನೂ ತೆಗೆಯದ ಶಾಟನ್ನು ತೋರಿಸುವುದು. ಮೊದಲನೆಯದು ಕಾನ್ಸೆಪ್ಟ್ ಆರ್ಟ್, ಎರಡನೆಯದು ಸ್ಟೋರಿಬೋರ್ಡ್.

ಮೊದಲನೆಯದಕ್ಕೆ ದೊಡ್ಡ ಹೆಸರು ಫ್ರಾನ್ಸಿನ ಮೊಬಿಯಸ್, ನಿಜ ಹೆಸರು ಜಾನ್ ಜಿರೋ. 1979ರ 'ಏಲಿಯನ್'ಗೆ ಅವರು ಕೆಲಸ ಮಾಡಿದ್ದು ಕೆಲವೇ ದಿನ. ಆದರೆ ತೆರೆಯ ಮೇಲಿನ ಆ ದಪ್ಪನೆಯ ಬಾಹ್ಯಾಕಾಶ ಉಡುಪಿನ ಮೂಲ ಅವರ ರೇಖೆ. 1982ರ 'ಟ್ರಾನ್'ಗೂ ವಿನ್ಯಾಸ ಮಾಡಿದರು.

ನನಗೆ ಇದಕ್ಕಿಂತ ಇಷ್ಟವಾದ ಕಥೆ ಅವರದೇ ದೇಶದ ಜಾನ್-ಕ್ಲೋಡ್ ಮೆಝಿಯೇರ್ ಅವರದ್ದು. ನಿರ್ದೇಶಕ ಲುಕ್ ಬೆಸೋನ್ 'ದ ಫಿಫ್ತ್ ಎಲಿಮೆಂಟ್'ಗೆ ಚಿತ್ರ ಬರೆಸುತ್ತಿದ್ದಾಗ ಇವರು ಸುಮ್ಮನೆ ಹಾರುವ ಟ್ಯಾಕ್ಸಿಗಳನ್ನೂ ಬರೆದರು. ಸಿನಿಮಾ ನಡುವೆ ನಿಂತುಹೋಯಿತು. ಬರೆದದ್ದು ವ್ಯರ್ಥ ಯಾಕಾಗಬೇಕು ಎಂದು ಟ್ಯಾಕ್ಸಿಯನ್ನು 1994ರ ತಮ್ಮ ವಲೇರಿಯನ್ ಕಾಮಿಕ್ಸಿಗೆ ಹಾಕಿಕೊಂಡರು. ಅದನ್ನು ನೋಡಿದ ಬೆಸೋನ್, ಮೊದಲ ಸ್ಕ್ರಿಪ್ಟಿನಲ್ಲಿ ಕಾರ್ಖಾನೆ ನೌಕರನಾಗಿದ್ದ ನಾಯಕನನ್ನು ಟ್ಯಾಕ್ಸಿ ಡ್ರೈವರ್ ಮಾಡಿದರು. 1997ರಲ್ಲಿ ಸಿನಿಮಾ ಬಂತು. ಒಂದು ಚಿತ್ರ ನಾಯಕನ ಹೊಟ್ಟೆಪಾಡನ್ನೇ ಬದಲಿಸಿತು ನೋಡಿ.

ಎರಡನೆಯದಕ್ಕೆ 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಸಾಕು. ಕಾಮಿಕ್ಸ್‌ನಿಂದಲೇ ಬಂದ ಬ್ರೆಂಡನ್ ಮೆಕಾರ್ಥಿ, ಮಾರ್ಕ್ ಸೆಕ್ಸ್‌ಟನ್ ಮುಂತಾದವರು ಕೂತು ಸುಮಾರು 3,500 ಫ್ರೇಮ್ ಬರೆದರು. ಮಾಮೂಲಿ ಸ್ಕ್ರಿಪ್ಟಿನ ಜಾಗದಲ್ಲಿ ಇದ್ದದ್ದು ಆ ಬೋರ್ಡುಗಳೇ. ಮಾತು ಕಡಿಮೆ, ಓಟ ಜಾಸ್ತಿ ಇರುವ ಸಿನಿಮಾಕ್ಕೆ ಬರಹಕ್ಕಿಂತ ಬೋರ್ಡ್ ವಾಸಿ.

ಪ್ರಶ್ನೆ (ಹುಬ್ಬಳ್ಳಿ): ಹಂಗಾದ್ರ ಕಾಮಿಕ್ಸ್ ಪುಟಾನೇ ಸ್ಟೋರಿಬೋರ್ಡ್ ಅಲ್ಲೇನ್ರಿ? ಕತ್ತರಿಸಿ ಅಂಟಿಸಿದ್ರ ಮುಗೀತಲ್ಲ?

ಉತ್ತರ: ನಾನೂ ಹಾಗೇ ಅಂದುಕೊಂಡು ಹೋಗಿ ಮೊದಲ ದಿನವೇ ಮುಖಭಂಗ ಮಾಡಿಕೊಂಡವನು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಒಂದು ದೃಶ್ಯ ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡ್. ಹತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದ ಅಪ್ಪನನ್ನು ಮಗ ಗುಂಪಿನ ನಡುವೆ ನೋಡುತ್ತಾನೆ. ಕಾಮಿಕ್ಸ್‌ನಲ್ಲಾದರೆ ನಾನು ಪುಟದುದ್ದಕ್ಕೂ ಒಂದೇ ನೀಳ ಪ್ಯಾನೆಲ್, ಅಂದರೆ ಚಿತ್ರದ ಚೌಕ, ಬರೆಯುತ್ತೇನೆ. ಮೇಲೆ ಕಂಡಕ್ಟರನ "ರೈಟ್ ರೈಟ್" ಬಲೂನು (ಮಾತಿನ ಗುಳ್ಳೆ), ಅದರ ಕೆಳಗೆ ಜನ, ಬಲಕ್ಕೆ ಅಪ್ಪನ ಬೆನ್ನು ಮತ್ತು ಹಳೇ ಕೈಚೀಲ, ತೀರಾ ಕೆಳಗೆ ಎಡಕ್ಕೆ ಮಗನ ಮುಖ. ಓದುಗರ ಕಣ್ಣು ತಾನೇ ಇಳಿದುಕೊಂಡು ಬರುತ್ತೆ. ಎಷ್ಟು ಹೊತ್ತು ನೋಡಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

ಬೋರ್ಡಿನಲ್ಲಿ ನೀಳ ಪ್ಯಾನೆಲ್ ಅನ್ನುವುದೇ ಇಲ್ಲ. ಸ್ಕೋಪ್ (ಅಗಲ ತೆರೆಯ) ಸಿನಿಮಾ ಅಂದರೆ ಪ್ರತಿ ಫ್ರೇಮಿನ ಅಗಲ ಎತ್ತರಗಳ ಲೆಕ್ಕ 2.39ಕ್ಕೆ 1, ಅಡ್ಡಪಟ್ಟಿ. ಆಕಾರದ ಆಟವೆಲ್ಲ ಅಲ್ಲಿಗೇ ಮುಗಿಯಿತು. ನನ್ನ ಆ ಒಂದು ಪ್ಯಾನೆಲ್ ಆರು ಫ್ರೇಮ್ ಆಗುತ್ತೆ. ಮಗ ನೀರಿನ ಬಾಟಲಿ ಕೊಳ್ಳುತ್ತಿದ್ದಾನೆ. ಚಿಲ್ಲರೆ ಎಣಿಸುತ್ತಾ ತಲೆ ಎತ್ತುತ್ತಾನೆ. ಅವನು ಕಂಡದ್ದು: ಗುಂಪಿನ ನಡುವೆ ಒಂದು ಕೈಚೀಲ, ಮುಖ ಇಲ್ಲ. ಮತ್ತೆ ಮಗನ ಮುಖ, ಇನ್ನೂ ಹತ್ತಿರದಿಂದ. ಬಸ್ ಅಡ್ಡ ಬರುತ್ತೆ. ಬಸ್ ಹೋದ ಮೇಲೆ ಖಾಲಿ ಜಾಗ.

ಈಗ ನಿಜವಾದ ತಲೆನೋವು. ಮೊದಲ ಫ್ರೇಮಲ್ಲಿ ಮಗ ಬಲಕ್ಕೆ ನೋಡುತ್ತಿದ್ದರೆ ನಾಲ್ಕನೆಯದರಲ್ಲೂ ಬಲಕ್ಕೇ ನೋಡಬೇಕು. ಇಬ್ಬರ ನಡುವೆ ಒಂದು ಗೆರೆ ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿರಬೇಕು. ದಾಟಿದರೆ ಮಗ ಅಪ್ಪನ ಕಡೆಗಲ್ಲ, ಎದುರು ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತೆ. ಕಾಮಿಕ್ಸ್‌ನಲ್ಲಿ ಬಲೂನಿನ ಬಾಲ ಈ ತಪ್ಪನ್ನು ಮುಚ್ಚಿಬಿಡುತ್ತಿತ್ತು. ಇಲ್ಲಿ ಬಲೂನೇ ಇಲ್ಲವಲ್ಲ.

ನನ್ನ ಮುಖಭಂಗದ ಕಥೆ: ತೊಟ್ಟಿಮನೆಯ ಅಂಗಳವನ್ನು ಮೇಲಿನಿಂದ ನೋಡಿದ ಹಾಗೆ ಒಂದು ಭರ್ಜರಿ ಫ್ರೇಮ್ ಬರೆದಿದ್ದೆ. ಹಂಚು ಹಂಚೂ ಲೆಕ್ಕ ಮಾಡಬಹುದು, ಅಷ್ಟು ಕೆಲಸ. ಕ್ಯಾಮೆರಾಮನ್ ಒಂದು ನಿಮಿಷ ನೋಡಿ, "ಚೆನ್ನಾಗಿದೆ. ಕ್ರೇನು ಎಲ್ಲಿ ನಿಲ್ಲಿಸೋಣ, ನಿಮ್ಮ ಮನೇಲಾ?" ಅಂದರು. ಆ ಮನೆಗೆ ಹೋಗುವ ಓಣಿಯಲ್ಲಿ ಆಟೋ ಕೂಡ ತಿರುಗುತ್ತಿರಲಿಲ್ಲ. ಅಂದಿನಿಂದ ಲೊಕೇಶನ್ ನೋಡದೆ, ಕನಿಷ್ಠ ನೆಲನಕ್ಷೆ ಕೈಗೆ ಬರದೆ ಪೆನ್ಸಿಲ್ ಮುಟ್ಟುವುದಿಲ್ಲ. ಬೋರ್ಡಿನ ಚಿತ್ರವನ್ನು ಯಾರೂ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಲ್ಲ. ಅದು ಬಡಗಿಗೆ ಕೊಡುವ ಅಳತೆ ಚೀಟಿ ಇದ್ದ ಹಾಗೆ. ಬಾಗಿಲು ಕೂತ ಮೇಲೆ ಚೀಟಿ ಕಸದಬುಟ್ಟಿಗೆ. ಈ ಮಾತು ನುಂಗಲು ನನಗೆ ಎರಡು ವರ್ಷ ಬೇಕಾಯಿತು.

ಪ್ರಶ್ನೆ (ಅದೇ ಹುಬ್ಬಳ್ಳಿಯವರು): ಮತ್ತ ಕಾಮಿಕ್ಸ್ ಮಾಡಿದ್ದರ ಲಾಭ ಏನ್ರಿ ಹಂಗಾದ್ರ?

ಉತ್ತರ: ಕ್ಷಣ ಆರಿಸುವ ಅಭ್ಯಾಸ. ಮೇಲಿನ ಆರರಲ್ಲಿ "ಚಿಲ್ಲರೆ ಎಣಿಸುತ್ತಾ" ಅನ್ನುವುದು ಸ್ಕ್ರಿಪ್ಟಿನಲ್ಲಿ ಇರಲ್ಲ. ಬರೀ ಫೈನ್ ಆರ್ಟ್ ಮಾಡಿದವರು ಚೆಂದದ ಮುಖ ಬರೆಯುತ್ತಾರೆ, ಕೈಗೆ ಏನು ಕೆಲಸ ಕೊಡಬೇಕು ಅಂತ ಹೊಳೆಯಲ್ಲ. ವಾರವಾರ ನಾಲ್ಕು ಪುಟದಲ್ಲಿ ಕಥೆ ಮುಗಿಸಿದವರಿಗೆ ಅದು ರಕ್ತದಲ್ಲಿ ಬಂದಿರುತ್ತೆ. ತೆಲುಗಿನ ಬಾಪು ಅವರನ್ನೇ ನೋಡಿ, ವ್ಯಂಗ್ಯಚಿತ್ರ, ಪತ್ರಿಕೆಯ ಕಥಾಚಿತ್ರಗಳಿಂದ ಬಂದು 1967ರ 'ಸಾಕ್ಷಿ'ಯಿಂದ ನಿರ್ದೇಶಕರಾದವರು. ತಮ್ಮ ಶಾಟುಗಳನ್ನು ತಾವೇ ಬರೆದುಕೊಳ್ಳುತ್ತಿದ್ದರು.

ಪ್ರಶ್ನೆ (ಮೈಸೂರು): ಸಿನಿಮಾ ಬಿಟ್ಟು ಬೇರೆ ಕಡೆ? ನನಗೆ ರಾತ್ರಿಯೆಲ್ಲ ಶೂಟಿಂಗ್ ಅಂದ್ರೆ ಆಗಲ್ಲ.

ಉತ್ತರ: ನಿಮ್ಮೂರಿನವರೇ ಇದ್ದಾರಲ್ಲ ಸ್ವಾಮಿ! ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬರೆದುಕೊಟ್ಟ, ಕೈಯಲ್ಲಿ ಬ್ರಶ್ ಹಿಡಿದ ತುಂಟ ಹುಡುಗ ಗಟ್ಟು ದಶಕಗಳ ಕಾಲ ಬಣ್ಣದ ಡಬ್ಬದ ಮೇಲೆ ಕೂತಿದ್ದ. ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಶೀರ್ಷಿಕೆಯಲ್ಲಿ ಬರುವ ಚಿತ್ರಗಳೂ ಲಕ್ಷ್ಮಣರವೇ. ದಿನಾ ಪತ್ರಿಕೆಗೆ ವ್ಯಂಗ್ಯಚಿತ್ರ, ನಡುವೆ ಇವೆಲ್ಲ. ಯಾರೂ ಅವರನ್ನು "ಕಮರ್ಷಿಯಲ್ ಆದ್ರು" ಅಂತ ಆಡಿಕೊಳ್ಳಲಿಲ್ಲ.

ಅಮೆರಿಕದಲ್ಲಿ ನೀಲ್ ಆಡಮ್ಸ್ ಮತ್ತು ಡಿಕ್ ಜಿಯೋರ್ಡಾನೊ 1971ರಲ್ಲಿ ಕಂಟಿನ್ಯುಯಿಟಿ ಎಂಬ ಸ್ಟುಡಿಯೋ ತೆರೆದು ಜಾಹೀರಾತು ಬೋರ್ಡು, ಅನಿಮ್ಯಾಟಿಕ್ ಮಾಡತೊಡಗಿದರು. ಇಬ್ಬರೂ ಬ್ಯಾಟ್‌ಮ್ಯಾನ್ ಬರೆದ ಕೈಗಳು. ಅನಿಮ್ಯಾಟಿಕ್ ಅಂದರೆ ಬೋರ್ಡಿನ ಚಿತ್ರಗಳನ್ನೇ ಧ್ವನಿಯ ಜೊತೆ ಜೋಡಿಸಿ ಓಡಿಸುವುದು, ಶೂಟಿಂಗಿಗೆ ದುಡ್ಡು ಸುರಿಯುವ ಮೊದಲೇ ಜಾಹೀರಾತು ನಿಲ್ಲುತ್ತಾ ಅಂತ ನೋಡಲಿಕ್ಕೆ. ಬೆಂಗಳೂರಿನಲ್ಲಿ ಇವತ್ತಿಗೂ ನನ್ನ ಬಾಡಿಗೆ ಕಟ್ಟುವುದು ಸಿನಿಮಾ ಅಲ್ಲ, ಇದೇ.

ಆದರೆ ನಾನು ಹುಡುಗರಿಗೆ ಹೇಳುವುದು ಅಮೆರಿಕದ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಅವರ ದಾರಿ ನೋಡಿ ಅಂತ. 1951ರಿಂದ ಸುಮಾರು ಇಪ್ಪತ್ತು ವರ್ಷ ಅಮೆರಿಕದ ಸೈನ್ಯಕ್ಕೆ 'ಪಿಎಸ್' ಎಂಬ ಮಾಸಪತ್ರಿಕೆಯ ಚಿತ್ರ ಮಾಡಿದರು. ವಿಷಯ ಏನು ಗೊತ್ತಾ? ಜೀಪಿಗೆ ಗ್ರೀಸ್ ಹಚ್ಚುವುದು, ಬಂದೂಕು ಶುಚಿ ಮಾಡುವುದು. ಮ್ಯಾನುಯಲ್ ಓದದ ಸಿಪಾಯಿ ಕಾಮಿಕ್ಸ್ ಓದುತ್ತಾನೆ ಅನ್ನುವುದು ಲೆಕ್ಕ. ಇಲ್ಲೂ ಅದೇ ಲೆಕ್ಕ ನಡೆಯುತ್ತೆ. ನಾನು ಒಮ್ಮೆ ಕೀಟನಾಶಕ ಸಿಂಪಡಿಸುವಾಗ ಏನು ಎಚ್ಚರ ಅಂತ ಎಂಟು ಚಿತ್ರದ ಹಾಳೆ ಮಾಡಿದೆ. "ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ" ಅನ್ನುವುದನ್ನು ಅಕ್ಷರವಿಲ್ಲದೆ ತೋರಿಸಲು ಮೂರು ದಿನ ಹಿಡಿಯಿತು. ಗಾಳಿಯನ್ನು ಬರೆಯುವುದು ಹೇಗೆ? ಬಾಣದ ಗುರುತು ಹಾಕಿದರೆ ರೈತರು ಅದನ್ನು ದಾರಿ ಅಂದುಕೊಂಡರು. ಕೊನೆಗೆ ಹೆಗಲ ಮೇಲಿನ ಟವೆಲ್ ಹಾರುವಂತೆ ಬರೆದೆ, ಎಲ್ಲರಿಗೂ ತಿಳಿಯಿತು. ಆ ಟವೆಲ್ಲಿನಷ್ಟು ಖುಷಿ ಯಾವ ಸಿನಿಮಾ ಬೋರ್ಡೂ ಕೊಟ್ಟಿಲ್ಲ ನನಗೆ.

ಪ್ರಶ್ನೆ (ಬೆಂಗಳೂರು): ರೇಟ್ ಹೇಗೆ? ಹಕ್ಕು ಯಾರದ್ದು? ನನ್ನ ಹತ್ರ ಬರೆಸ್ಕೊಂಡು ಫೋನೇ ಎತ್ತುತ್ತಿಲ್ಲ ಒಬ್ರು.

ಉತ್ತರ: ಫ್ರೇಮಿಗಿಷ್ಟು ಅಂತ ಒಪ್ಪಬೇಡಿ, ದಿನಕ್ಕಿಷ್ಟು ಅಂತ ಮಾತಾಡಿ. ಫ್ರೇಮ್ ಲೆಕ್ಕದಲ್ಲಿ "ಸಣ್ಣ ಕರೆಕ್ಷನ್" ಎಲ್ಲಾ ಪುಕ್ಕಟೆ ಆಗುತ್ತೆ. ಮುಂಗಡ ಬರದೆ ಫೈಲ್ ಕಳಿಸಬೇಡಿ.

ಹಕ್ಕಿನ ವಿಷಯಕ್ಕೆ ಬಂದರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಸಂಬಳಕ್ಕಿದ್ದು ಬರೆದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ ಹಕ್ಕು ಮಾಲೀಕರದ್ದು. ಸಿನಿಮಾದವರು ಸಾಮಾನ್ಯವಾಗಿ ಎಲ್ಲಾ ಹಕ್ಕೂ ಕೇಳುತ್ತಾರೆ, ಬೋರ್ಡಿಗೆ ಕೊಡಿ, ಪರವಾಗಿಲ್ಲ. ಆದರೆ "ಪೋಸ್ಟರ್, ಪುಸ್ತಕ, ಟೀ ಶರ್ಟಿಗೆ ಬಳಸಿದರೆ ಬೇರೆ ಹಣ" ಅಂತ ಒಂದು ಸಾಲು ಸೇರಿಸಿ. ನಾನು ಸೇರಿಸದೆ ಒಮ್ಮೆ ಕೆಟ್ಟೆ. ಬೋರ್ಡಿಗೆಂದು ಬರೆದ ಮುಖವೊಂದು ಆರು ತಿಂಗಳಾದ ಮೇಲೆ ಬಸ್ಸಿನ ಹಿಂಬದಿಯಲ್ಲಿ ನನ್ನನ್ನೇ ನೋಡುತ್ತಾ ಹೋಯಿತು. ಸಿಗ್ನಲ್ಲಿನಲ್ಲಿ ನಾನು ಸ್ಕೂಟರಿನ ಮೇಲೆ.

ಪ್ರಸಿದ್ಧರಿಗೂ ಇದು ತಪ್ಪಿದ್ದಲ್ಲ. ಮೇಲೆ ಹೇಳಿದ 'ಫಿಫ್ತ್ ಎಲಿಮೆಂಟ್'ನಲ್ಲಿ ತಮ್ಮ 'ಇಂಕಾಲ್' ಕಾಮಿಕ್ಸಿನ ಅಂಶಗಳಿವೆ ಎಂದು ಮೊಬಿಯಸ್ ಕಡೆಯವರು ಕೋರ್ಟಿಗೆ ಹೋದರು, ಸೋತರು.

ಫೋನ್ ಎತ್ತದವರಿಗೆ ಇಮೇಲಿನಲ್ಲಿ ಬಿಲ್ ಕಳಿಸಿ. ವಾಟ್ಸಾಪ್ ಚಾಟ್ ಅಳಿಸಬೇಡಿ. ಅವರ ಹೆಸರು ಇಲ್ಲಿ ಹಾಕಬೇಡಿ ದಯವಿಟ್ಟು.

ಪ್ರಶ್ನೆ (ಶಿವಮೊಗ್ಗ): ಎಐ ಬಂದ ಮೇಲೂ ಈ ಕೆಲಸ ಉಳಿಯುತ್ತಾ?

ಉತ್ತರ: ಪಿಚ್‌ಗೆ (ನಿರ್ಮಾಪಕರಿಗೆ ಕಥೆ ಒಪ್ಪಿಸಲಿಕ್ಕೆ) ಬೇಕಾದ ಥಳಕಿನ ಚಿತ್ರಗಳ ಕೆಲಸ ನನಗಂತೂ ಕಡಿಮೆಯಾಗಿದೆ, ಸುಳ್ಳು ಹೇಳಲ್ಲ. ಮೀಟಿಂಗಿನಲ್ಲಿ ಕೂತು, ನಿರ್ದೇಶಕರು "ಬೇಡ, ಅವಳು ಬಾಗಿಲ ಈಚೆ ಇರಲಿ" ಅಂದ ತಕ್ಷಣ ಹತ್ತು ಗೆರೆಯಲ್ಲಿ ತೋರಿಸುವವರಿಗೆ ಇನ್ನೂ ಕರೆ ಬರುತ್ತಿದೆ. ಮುಂದಿನದು ಮುಂದೆ.

ಪ್ರಶ್ನೆ (ಮಂಗಳೂರು): ನನ್ನದೇ ಆದ ಸ್ಟೈಲ್ ಇದೆ. ಬೋರ್ಡ್ ಮಾಡಿದ್ರೆ ಅದು ಹೋಗಿಬಿಡುತ್ತಾ?

ಉತ್ತರ: ಸ್ಟೈಲ್ ನೋಡಿಯೇ ಕರೆಯುವ ಕೆಲಸವೂ ಇದೆ. ಅಮೆರಿಕದ ಕಾಮಿಕ್ಸ್ ಕಲಾವಿದ ಮೈಕ್ ಮಿನ್ಯೋಲಾ ಅವರ ದಟ್ಟ ಕಪ್ಪು ನೆರಳು ನೋಡಿ ಡಿಸ್ನಿಯವರು 2001ರ 'ಅಟ್ಲಾಂಟಿಸ್' ಅನಿಮೇಶನ್ನಿಗೆ ಕರೆಸಿಕೊಂಡರು. ಆದರೆ ಅಂಥ ಕರೆ ನೂರರಲ್ಲಿ ಒಬ್ಬರಿಗೆ. ಉಳಿದವರು ಬೋರ್ಡಿಗೆ ಒಂದು ಕೈ, ಸ್ವಂತಕ್ಕೆ ಒಂದು ಕೈ ಇಟ್ಟುಕೊಳ್ಳಬೇಕು. ನಾನು ಭಾನುವಾರ ಬೆಳಿಗ್ಗೆ ಈಗಲೂ ಕಾಮಿಕ್ಸ್ ಪುಟ ಬರೆಯುತ್ತೇನೆ. ನೀಳ ಪ್ಯಾನೆಲ್ಲುಗಳೇ ಜಾಸ್ತಿ, ಸೇಡು ತೀರಿಸಿಕೊಂಡ ಹಾಗೆ.

ಪ್ರಶ್ನೆ (ದಾವಣಗೆರೆ, ಮೊದಲಿನವರು): ಸರ್, ನೀವು ಹೇಳಿದ ಬಸ್ ಸ್ಟ್ಯಾಂಡ್ ದೃಶ್ಯಾನ ಈಗ ತಾನೆ ಆರು ಫ್ರೇಮ್ ಬರೆದೆ. ಫೋಟೋ ಹಾಕಿದ್ದೀನಿ. ಬೈಯಬೇಡಿ.

ಉತ್ತರ: ಒಂದು ಗಂಟೆಯಲ್ಲಿ ಇಷ್ಟು ಮಾಡಿದ್ದಕ್ಕೆ ಬೈಯಲ್ಲ. ಎರಡನೇ ಫ್ರೇಮಲ್ಲಿ ನಾಣ್ಯ ಬೀಳಿಸಿದ್ದೀರಲ್ಲ, ಅದು ನಾನು ಹೇಳಿರಲಿಲ್ಲ, ಭೇಷ್. ಐದನೆಯದರಲ್ಲಿ ಬಸ್ಸಿನ ಬೋರ್ಡಿನ ಮೇಲೆ ಊರಿನ ಹೆಸರು ಬರೆಯಬೇಡಿ, ಎಲ್ಲರೂ ಅದನ್ನೇ ಓದುತ್ತಾ ಕೂರುತ್ತಾರೆ. ನಾಲ್ಕನೆಯದರಲ್ಲಿ ಹುಡುಗನ ಬ್ಯಾಗು ಎಡ ಹೆಗಲಿಗೆ ಹೋಗಿದೆ, ಮೊದಲನೆಯದರಲ್ಲಿ ಬಲಕ್ಕಿತ್ತು. ಸರಿಮಾಡಿ ಮತ್ತೆ ಹಾಕಿ, ಊಟ ಮಾಡಿ ಬಂದು ನೋಡ್ತೀನಿ.