ಎವಿಯಾನ್ ಒಪ್ಪಂದ: ಸಹಾರಾದ ಅಣುಪರೀಕ್ಷೆಗಳಿಗೆ ಅಲ್ಜೀರಿಯಾ ಒಪ್ಪಿದ್ದೇಕೆ?

ಪ್ರಶ್ನೆ: ಅಲ್ಜೀರಿಯಾ ಸ್ವತಂತ್ರವಾದದ್ದು 1962ರ ಜುಲೈನಲ್ಲಿ. ಆದರೂ ಫ್ರಾನ್ಸ್ 1966ರವರೆಗೆ ಅಲ್ಲೇ ಬಾಂಬು ಸಿಡಿಸಿತು. ಸ್ವಾತಂತ್ರ್ಯಕ್ಕಾಗಿ ಏಳು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ಎಫ್‌ಎಲ್‌ಎನ್ (ರಾಷ್ಟ್ರೀಯ ವಿಮೋಚನಾ ರಂಗ), ಯುದ್ಧ ಮುಗಿಸಲು ಫ್ರಾನ್ಸ್ ಜೊತೆ 1962ರ ಮಾರ್ಚ್‌ನಲ್ಲಿ ಮಾಡಿಕೊಂಡ ಎವಿಯಾನ್ ಒಪ್ಪಂದದಲ್ಲಿ ಇದಕ್ಕೆ ಹೇಗೆ ಸಹಿ ಹಾಕಿತು?

ಉತ್ತರ 1: ಜಗಳ ಇದ್ದದ್ದು ಬಾಂಬಿನ ಮೇಲಲ್ಲ, ನೆಲದ ಮೇಲೆ. 1956ರಲ್ಲಿ ಹಾಸಿ ಮೆಸೌದ್‌ನಲ್ಲಿ ತೈಲ ಸಿಕ್ಕಿತು. ಮರುವರ್ಷವೇ ಫ್ರಾನ್ಸ್ ಸಹಾರಾಕ್ಕೆಂದು ಪ್ರತ್ಯೇಕ ಸಂಸ್ಥೆ ಕಟ್ಟಿತು. ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಕೊಟ್ಟರೂ ಮರಳುಗಾಡನ್ನು ಉಳಿಸಿಕೊಳ್ಳಬೇಕೆಂಬುದು ಅದರ ಹವಣಿಕೆ. 1961ರ ಜುಲೈನಲ್ಲಿ ಫ್ರಾನ್ಸಿನ ಲುಗ್ರಾಂನಲ್ಲಿ ಮಾತುಕತೆ ಮುರಿದುಬಿದ್ದದ್ದು ಇದೇ ವಿಷಯಕ್ಕೆ. ಎಫ್‌ಎಲ್‌ಎನ್ ಕೈಯಲ್ಲಿ 1960ರ ಡಿಸೆಂಬರ್‌ನ ವಿಶ್ವಸಂಸ್ಥೆಯ 1573ನೇ ನಿರ್ಣಯವಿತ್ತು. ಸ್ವಯಂನಿರ್ಣಯದ ಜೊತೆಗೆ ಪ್ರಾದೇಶಿಕ ಅಖಂಡತೆಯನ್ನೂ ಅದು ಹೆಸರಿಸಿತ್ತು. 1961ರ ಸೆಪ್ಟೆಂಬರ್ 5ರಂದು ಫ್ರೆಂಚ್ ಅಧ್ಯಕ್ಷ ದಗಾಲ್ ಸಹಾರಾದ ಮೇಲಿನ ಪಟ್ಟು ಸಡಿಲಿಸಿದರು. ಬದಲಿಗೆ ಫ್ರಾನ್ಸ್ ಕಾಲಾವಕಾಶ ಪಡೆಯಿತು: ಸಹಾರಾದ ರೆಗಾನ್, ಇನ್ ಎಕರ್ (ಅಣುಪರೀಕ್ಷೆ), ಹಮ್ಮಗೀರ್ (ರಾಕೆಟ್ ಪರೀಕ್ಷೆ) ನೆಲೆಗಳಿಗೆ 5 ವರ್ಷ, ಮೆರ್ಸ್ ಎಲ್ ಕೆಬೀರ್ ನೌಕಾನೆಲೆಗೆ 15 ವರ್ಷ. ಎಫ್‌ಎಲ್‌ಎನ್‌ನವರು ನೆಲದ ಒಡೆತನ ದಕ್ಕಿಸಿಕೊಂಡು ಬಳಕೆಯನ್ನು ಬಿಟ್ಟುಕೊಟ್ಟರು. ನನ್ನ ಮಟ್ಟಿಗೆ ಜಾಣ ಲೆಕ್ಕವೇ.

ಉತ್ತರ 2: ಜಾಣ ಲೆಕ್ಕ ಸರಿ, ಆದರೆ ಬರವಣಿಗೆ ಸಡಿಲ. ಒಪ್ಪಂದದ ಸೇನಾ ಭಾಗದಲ್ಲಿ 'ಅಣು' ಎಂಬ ಪದವೇ ಇಲ್ಲ, ನೆಲೆಗಳ ಬಳಕೆ ಎಂದಷ್ಟೇ ಇದೆ. ಒಟ್ಟು 17 ಪರೀಕ್ಷೆಗಳಲ್ಲಿ 11 ನಡೆದದ್ದು ಸ್ವಾತಂತ್ರ್ಯದ ನಂತರ. ಜಾಗ ಶುದ್ಧಮಾಡಿ ಕೊಡಬೇಕೆಂಬ ಷರತ್ತೂ ಇರಲಿಲ್ಲ.

ಸುರಂಗದೊಳಗೆ ಸಿಡಿಸಿದರೆ ಸೋರುವುದಿಲ್ಲ ಎಂಬ ಭರವಸೆಯೂ ಪೊಳ್ಳು. ಇನ್ ಎಕರ್‌ನ ಗ್ರಾನೈಟ್ ಬೆಟ್ಟದಲ್ಲಿ ಸುರಂಗದ ತುದಿಯನ್ನು ಸುರುಳಿಯಾಗಿ ಕೊರೆದಿದ್ದರು. ಸ್ಫೋಟದ ಆಘಾತಕ್ಕೆ ಸುರುಳಿ ಕುಸಿದು, ಕರಗಿದ ಬಂಡೆ ಹೊರಬರುವ ಮೊದಲೇ ದಾರಿ ಮುಚ್ಚಿಕೊಳ್ಳಬೇಕಿತ್ತು. 1962ರ ಮೇ 1ರ 'ಬೆರಿಲ್' ಪರೀಕ್ಷೆಯಲ್ಲಿ, ಅಂದರೆ ಸಹಿಯಾಗಿ ಆರೇ ವಾರಕ್ಕೆ, ದಾರಿ ಸಕಾಲಕ್ಕೆ ಮುಚ್ಚಲಿಲ್ಲ. ವಿಕಿರಣಶೀಲ ಅನಿಲವೂ ಲಾವಾವೂ ಹೊರನುಗ್ಗಿದವು. ನೋಡಲು ಬಂದಿದ್ದ ಮೆಸ್ಮೆರ್, ಪಲೆವ್ಸ್ಕಿ ಎಂಬ ಇಬ್ಬರು ಫ್ರೆಂಚ್ ಮಂತ್ರಿಗಳೂ ಓಡಬೇಕಾಯಿತು.

ಉತ್ತರ 3: ನೆರೆಯವರನ್ನೂ ಸೇರಿಸಿ. 1960ರ ಫೆಬ್ರವರಿ 13ರಂದು ರೆಗಾನ್‌ನಲ್ಲಿ ಸುಮಾರು 70 ಕಿಲೋಟನ್‌ನ ಮೊದಲ ಬಾಂಬು ಸಿಡಿದಾಗ ಘಾನಾ ಫ್ರೆಂಚ್ ಆಸ್ತಿಗಳನ್ನು ತಡೆಹಿಡಿಯಿತು. ಮೂರನೆಯದರ ನಂತರ, 1961ರ ಜನವರಿಯಲ್ಲಿ, ನೈಜೀರಿಯಾ ಫ್ರೆಂಚ್ ರಾಯಭಾರಿಯನ್ನೇ ಹೊರಗಟ್ಟಿತು. ನಾಲ್ಕನೆಯದು ಏಪ್ರಿಲ್‌ನಲ್ಲಿ, ಅಲ್ಜಿಯರ್ಸ್‌ನಲ್ಲಿ ಫ್ರೆಂಚ್ ಸೇನಾಧಿಪತಿಗಳು ದಂಗೆ ಎದ್ದಿದ್ದ ಹೊತ್ತಲ್ಲೇ ಸಿಡಿಯಿತು. ಬಯಲಿನ ಸ್ಫೋಟ ಅಲ್ಲಿಗೆ ನಿಂತು ಸುರಂಗ ಶುರುವಾದದ್ದರ ಹಿಂದೆ ಈ ಒತ್ತಡವೂ ಇದೆ. 1963ರ ಮಾರ್ಚ್‌ನಲ್ಲಿ ಮತ್ತೆ ಪರೀಕ್ಷೆ ನಡೆದಾಗ ಅಲ್ಜೀರಿಯಾದ ಆಗಿನ ಸರಕಾರದ ಮುಖ್ಯಸ್ಥ ಬೆನ್ ಬೆಲ್ಲಾ ಪ್ರತಿಭಟಿಸಿದರು. ಆದರೆ ಒಪ್ಪಂದದ ಐದು ವರ್ಷದ ಗಡುವು 1967ರವರೆಗಿತ್ತು.